ಅಷ್ಟಮಿಯ ವೇಷ, ಹ್ಯಾಲೋವೀನ್ ವೇಷ ಮತ್ತು ನಮ್ಮ ಮನೆಯ ಬಾಗಿಲು

ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಂತೆ ಬಾಂದ್ರಾದ ಹಿಲ್ ರೋಡ್ ಪರಿಸರದ ಅಂಗಡಿಗಳಲ್ಲಿ ಎರಡು ಬಗೆಯ ಸರಕು ಅಕ್ಕಪಕ್ಕದಲ್ಲೇ ತೂಗಾಡುತ್ತಿರುತ್ತದೆ. ಒಂದು ಕಡೆ ದೀಪಾವಳಿಯ ಕಂದೀಲು. ಇನ್ನೊಂದು ಕಡೆ ಮಾಟಗಾತಿಯ ಮೊನಚು ಟೊಪ್ಪಿಗೆ, ತಲೆಬುರುಡೆಯ ಮುಖವಾಡ, ಪ್ಲಾಸ್ಟಿಕ್ಕಿನ ಕುಂಬಳಕಾಯಿ ಬುಟ್ಟಿ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ರಂದೇ ಬಂದವು. ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿದ ಮಕ್ಕಳೇ ಸಂಜೆ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಮೆಟ್ಟಿಲು ಹತ್ತಿ ಇಳಿದು, ಮನೆ ಮನೆಯ ಗಂಟೆ ಒತ್ತಿ ಚಾಕೊಲೇಟು ಕೇಳಿದರು. ಮಾರನೆಯ ದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ.

ಈ ಹೊಸ ಹಬ್ಬದ ಕುರಿತು ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಎರಡು ಅಭಿಪ್ರಾಯಗಳಿವೆ. ಇದು ನಮ್ಮದಲ್ಲ, ಪಾಶ್ಚಾತ್ಯರ ಅನುಕರಣೆ, ದೆವ್ವ ಪಿಶಾಚಿಗಳ ವೇಷ ಹಾಕುವುದು ಅಪಶಕುನ ಎನ್ನುವವರು ಕೆಲವರು. ಮಕ್ಕಳ ಒಂದು ಸಂಜೆಯ ಸಂತೋಷಕ್ಕೆ ಇಷ್ಟೇಕೆ ತಕರಾರು ಎನ್ನುವವರು ಇನ್ನು ಕೆಲವರು. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳುವುದು, ಮನೆಯವರು ಹೊರಗೆ ಬಂದು ಕೊಡುವುದು ನಮಗೆ ಹೊಸತೇ? ಹ್ಯಾಲೋವೀನ್ ಹಬ್ಬವಾಗಲೀ ನಮ್ಮ ಹಳೆಯ ಸಂಚಾರಗಳಾಗಲೀ ಕಳೆದ ನಾಲ್ಕೈದು ದಶಕಗಳಲ್ಲಿ ಹೇಗೆ ಬದಲಾದವು, ಬದಲಾವಣೆಯಲ್ಲಿ ಕಳೆದುಹೋದದ್ದೇನು, ಹೋದದ್ದೇ ಒಳಿತಾದದ್ದೇನು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಹ್ಯಾಲೋವೀನ್ ನಡೆದು ಬಂದ ದಾರಿ

ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಮೃತರಾದ ಸಕಲ ವಿಶ್ವಾಸಿಗಳ ದಿನ. ಸಂತರ ದಿನವು 9ನೇ ಶತಮಾನದ ಹೊತ್ತಿಗೆ ಪಶ್ಚಿಮ ಯುರೋಪಿನಲ್ಲಿ ನವೆಂಬರ್ 1ಕ್ಕೆ ನೆಲೆಗೊಂಡಿತು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಪವಿತ್ರರ ದಿನದ ಮುನ್ನಾ ಸಂಜೆ ಎಂಬುದೇ ಆ ಹೆಸರಿನ ಅರ್ಥ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಅದೇ ಹೊತ್ತಿಗೆ ಬೇಸಿಗೆ ಮುಗಿದು ಚಳಿಗಾಲ ಕಾಲಿಡುವ ಹಳೆಯ ಸಂಧಿಕಾಲದ ಹಬ್ಬವೊಂದಿತ್ತು. ಆ ರಾತ್ರಿ ಸತ್ತವರು ಹತ್ತಿರ ಸುಳಿಯುತ್ತಾರೆಂಬ ನಂಬಿಕೆ ಅಲ್ಲಿನದು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಈ ದಿನಗಳಲ್ಲಿ ಮನೆ ಮನೆಗೆ ಹೋಗುತ್ತಿದ್ದರು. ಮನೆಯವರು ಸಣ್ಣ ಸಿಹಿ ರೊಟ್ಟಿ ಕೊಡುತ್ತಿದ್ದರು. ಪಡೆದವರು ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಿದ್ದರು. ಅದು ಭಿಕ್ಷೆಯಲ್ಲ, ಕೊಡುಕೊಳ್ಳುವಿಕೆ. ಸ್ಕಾಟ್ಲೆಂಡಿನ ಮಕ್ಕಳು ವೇಷ ಹಾಕಿ ಹೋಗಿ ಒಂದು ಹಾಡನ್ನೋ ಪದ್ಯವನ್ನೋ ಒಪ್ಪಿಸಿದ ಬಳಿಕವೇ ಹಣ್ಣು, ಕಾಸು ಪಡೆಯುತ್ತಿದ್ದರು. ಅಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಹೇರಳವಾಗಿ ಸಿಕ್ಕಿತು, ದೀಪ ಅದರೊಳಗೆ ಸೇರಿತು.

‘ಟ್ರಿಕ್ ಆರ್ ಟ್ರೀಟ್’, ಅಂದರೆ ತಿನಿಸು ಕೊಡುವಿರೋ ಕೀಟಲೆ ಮಾಡಲೋ ಎಂಬ ಮಾತು ಅಷ್ಟು ಹಳೆಯದಲ್ಲ. ಅದು 1910-20ರ ದಶಕಗಳ ಕೆನಡಾದ ಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಹುಡುಗರ ಕೀಟಲೆ ಮಿತಿಮೀರಿ, ಗೇಟು ಕಿತ್ತೊಯ್ಯುವ, ಕಿಟಕಿ ಒಡೆಯುವ ಮಟ್ಟಕ್ಕೆ ಹೋಗಿತ್ತು. ತಿನಿಸು ಕೊಟ್ಟು ಅವರನ್ನು ಸಮಾಧಾನಪಡಿಸುವುದು ಊರವರಿಗೆ ಲಾಭಕರವಾಗಿ ಕಂಡಿತು. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಅಮೆರಿಕದಲ್ಲಿ ಕೊನೆಗೊಂಡ ಮೇಲೆ ಈ ಪದ್ಧತಿ ದೇಶವ್ಯಾಪಿಯಾಯಿತು. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ತಿನಿಸಿನ ಜೊತೆಗೆ ಯುನಿಸೆಫ್ ಸಂಸ್ಥೆಗಾಗಿ ಚಿಲ್ಲರೆ ಕಾಸು ಸಂಗ್ರಹಿಸಲು ತೊಡಗಿದರು. ಅದೂ ಒಂದು ಸಂಪ್ರದಾಯವಾಗಿ ಬೆಳೆಯಿತು.

ಆಗ ಮನೆಯಲ್ಲೇ ಮಾಡಿದ ಬಿಸ್ಕತ್ತು, ಸಕ್ಕರೆಪಾಕದ ಸೇಬು, ಹುರಿಜೋಳದ ಉಂಡೆ ಕೊಡುವುದು ವಾಡಿಕೆ. 1970ರ ದಶಕದಲ್ಲಿ ಇದಕ್ಕೆ ತಡೆ ಬಿತ್ತು. ಅಪರಿಚಿತರು ತಿನಿಸಿನಲ್ಲಿ ಬ್ಲೇಡು, ವಿಷ ಬೆರೆಸುತ್ತಾರೆಂಬ ಸುದ್ದಿ ಹಬ್ಬಿತು. 1974ರಲ್ಲಿ ಟೆಕ್ಸಾಸಿನ ಬಾಲಕನೊಬ್ಬ ಸಯನೈಡ್ ಬೆರೆತ ಸಿಹಿ ತಿಂದು ಸತ್ತದ್ದು ನಿಜ. ಆದರೆ ವಿಷವಿಟ್ಟವನು ಅಪರಿಚಿತನಲ್ಲ, ವಿಮೆಯ ಹಣದಾಸೆಗೆ ಬಿದ್ದ ಅವನ ಸ್ವಂತ ತಂದೆ. 1982ರಲ್ಲಿ ಷಿಕಾಗೊ ಪರಿಸರದಲ್ಲಿ ಅಂಗಡಿಯ ನೋವು ನಿವಾರಕ ಗುಳಿಗೆಗಳಲ್ಲಿ ಯಾರೋ ವಿಷ ಸೇರಿಸಿ ಏಳು ಮಂದಿ ಸತ್ತಾಗ ಭಯ ಇಮ್ಮಡಿಯಾಯಿತು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ದಶಕಗಳ ಕಾಲ ಪರಿಶೀಲಿಸಿದರು. ಮನೆ ಮನೆಗೆ ಹೋಗಿ ಪಡೆದ ತಿನಿಸಿನಲ್ಲಿ ಅಪರಿಚಿತರು ವಿಷವಿಟ್ಟು ಮಗುವೊಂದನ್ನು ಕೊಂದ ಅಥವಾ ತೀವ್ರವಾಗಿ ಗಾಯಗೊಳಿಸಿದ ಖಚಿತ ಪ್ರಕರಣ ಅವರಿಗೆ ಒಂದೂ ದೊರೆಯಲಿಲ್ಲ. ಆದರೂ ಭಯವೇ ಗೆದ್ದಿತು. ಕೈಯಡುಗೆಯ ತಿನಿಸು ಮಾಯವಾಗಿ ಕಂಪನಿಯ ಮೊಹರಿನ ಪೊಟ್ಟಣವೊಂದೇ ಉಳಿಯಿತು. 1990ರ ದಶಕದಿಂದ ಹಲವು ಕಡೆ ಮಕ್ಕಳು ಮನೆಗಳಿಗೆ ಹೋಗುವ ಬದಲು, ಒಂದೇ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ ಕಾರುಗಳ ಡಿಕ್ಕಿಯಿಂದ ತಿನಿಸು ಆಯ್ದುಕೊಳ್ಳುವ ಪದ್ಧತಿ ಬಂತು.

ಈ ರೂಪದಲ್ಲಿ, ದೂರದರ್ಶನದ ಚಾನೆಲುಗಳು, ಇಂಗ್ಲಿಷ್ ಶಾಲೆಗಳು ಮತ್ತು ವಿದೇಶದಿಂದ ಮರಳಿದ ಕುಟುಂಬಗಳ ಮೂಲಕ ಹ್ಯಾಲೋವೀನ್ ನಮ್ಮ ಉಪನಗರಗಳಿಗೆ ಬಂದಿದೆ. ಬಾಂದ್ರಾದ ಹಳೆಯ ಕ್ರೈಸ್ತ ಮನೆತನಗಳ ಹಬ್ಬವಿದು ಎಂಬುದು ತಪ್ಪು ಕಲ್ಪನೆ. ಅವರ ಹಿರಿಯರಿಗೆ ನವೆಂಬರ್ 2 ಎಂದರೆ ಸ್ಮಶಾನಕ್ಕೆ ಹೋಗಿ ಗೋರಿ ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುವ ದಿನ. ಬಾಗಿಲಿಗೆ ಬರುವ ಪದ್ಧತಿಗಳು ಅವರಲ್ಲಿಯೂ ಬೇರೆಯೇ ಇದ್ದವು, ಇವೆ. ಕ್ರಿಸ್ಮಸ್ ಮುಗಿಯುತ್ತಿದ್ದಂತೆ ಬಾಂದ್ರಾದ ಗಾಂವಠಾಣಗಳ ಮೂಲೆಮೂಲೆಯಲ್ಲಿ ಹುಡುಗರು ಹಳೆಯ ಬಟ್ಟೆಗೆ ಹುಲ್ಲು ತುಂಬಿ ‘ಓಲ್ಡ್ ಮ್ಯಾನ್’ ಎಂಬ ಮುದುಕನ ಗೊಂಬೆ ಕೂರಿಸುತ್ತಾರೆ. ದಾರಿಹೋಕರನ್ನು ತಡೆದು ಕಾಸು ಕೇಳುತ್ತಾರೆ. ಡಿಸೆಂಬರ್ 31ರ ಮಧ್ಯರಾತ್ರಿ ಹಳೆಯ ವರ್ಷದೊಂದಿಗೆ ಮುದುಕನನ್ನೂ ಸುಡುತ್ತಾರೆ. ಮಂಗಳೂರು ಮೂಲದ ಕ್ಯಾಥೊಲಿಕ್ ಮನೆಗಳಿಂದ ಕ್ರಿಸ್ಮಸ್ ಕಾಲಕ್ಕೆ ನೆರೆಹೊರೆಗೆ ಬರುವ ಕುಸ್ವಾರದ ತಟ್ಟೆಯಂತೂ ನಮ್ಮಲ್ಲಿ ಅನೇಕರಿಗೆ ಪರಿಚಿತ.

ನಮ್ಮ ಅಂಗಳಕ್ಕೆ ಬರುತ್ತಿದ್ದವರು

ಅವಿಭಜಿತ ದಕ್ಷಿಣ ಕನ್ನಡದಲ್ಲಿ 1970-80ರ ದಶಕಗಳಲ್ಲಿ ಬಾಲ್ಯ ಕಳೆದ ನಮಗೆ ವರ್ಷದ ಲೆಕ್ಕವೇ ಅಂಗಳಕ್ಕೆ ಬರುವವರ ಲೆಕ್ಕವಾಗಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ, ಎಡೆಬಿಡದ ಮಳೆಯಲ್ಲಿ, ತೆಂಗಿನ ಸಿರಿಯ ಉಡುಗೆ ತೊಟ್ಟು, ಕಾಲಿಗೆ ಗಗ್ಗರ ಕಟ್ಟಿ, ಓಲೆಯ ಕೊಡೆ ತಿರುಗಿಸುತ್ತಾ ಆಟಿ ಕಳಂಜ ಬರುತ್ತಿದ್ದ. ತೆಂಬರೆಯ ಬಡಿತ ದೂರದ ಗದ್ದೆಯಂಚಿನಲ್ಲಿ ಕೇಳಿಸಿದೊಡನೆ ಮನೆಯ ಹೆಂಗಸರು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಇದ್ದಿಲು ಜೋಡಿಸಿಡುತ್ತಿದ್ದರು. ಊರಿಗೆ ಬಂದ ಮಾರಿಯನ್ನು, ಜನ ಜಾನುವಾರುಗಳ ರೋಗವನ್ನು ಕಳಂಜ ಕಳೆಯುತ್ತಾನೆಂಬುದು ನಂಬಿಕೆ. ಆಟಿಯೆಂದರೆ ಕಣಜ ಬರಿದಾಗುವ, ಕಾಯಿಲೆ ಹೆಚ್ಚುವ, ಗತಿಸಿದ ಹಿರಿಯರಿಗೆ ಬಡಿಸುವ ತಿಂಗಳು. ಯುರೋಪಿನ ಚಳಿಗಾಲದ ಹೊಸ್ತಿಲಿನ ಆ ರಾತ್ರಿಗೂ ನಮ್ಮ ಆಟಿಗೂ ಇರುವ ಹೋಲಿಕೆ ಗಮನಾರ್ಹ. ಕಷ್ಟದ ಕಾಲ ಎದುರಾದಾಗ ವೇಷಧಾರಿ ಬಾಗಿಲಿಗೆ ಬರುತ್ತಾನೆ. ಮನೆಯವರು ಕೈಲಾದದ್ದನ್ನು ಕೊಡುತ್ತಾರೆ. ಅವನು ಭಯವನ್ನು ಹೊತ್ತುಕೊಂಡು ಹೋಗುತ್ತಾನೆ.

ಅಷ್ಟಮಿಗೆ ಉಡುಪಿಯ ಬೀದಿಗಳಲ್ಲಿ, ನವರಾತ್ರಿಗೆ ಮಂಗಳೂರಿನ ಕಡೆ ಹುಲಿವೇಷ, ಕರಡಿವೇಷಗಳು ಬರುತ್ತಿದ್ದವು. ತಾಸೆಯ ಸದ್ದಿಗೆ ಎದೆ ಝಲ್ಲೆನ್ನುತ್ತಿತ್ತು. ತಾಯಿಯ ಸೆರಗಿನ ಮರೆಯಿಂದ ಇಣುಕಿ ನೋಡಿದರೆ, ಹಳದಿ ಪಟ್ಟೆಯ ಹುಲಿ ನಮ್ಮದೇ ಬೀದಿಯ ಸೈಕಲ್ ಅಂಗಡಿಯವನೆಂದು ತಿಳಿಯುತ್ತಿತ್ತು. ಹಾಗೆ ತಿಳಿದರೂ ಹೆದರಿಕೆ ಹೋಗುತ್ತಿರಲಿಲ್ಲ. ಮೈಗೆ ಬಳಿದ ಎನಾಮೆಲ್ ಬಣ್ಣ ತೆಗೆಯಲು ಅವರು ಸೀಮೆಎಣ್ಣೆ ಹಚ್ಚಿ ಉಜ್ಜಬೇಕಾಗುತ್ತಿತ್ತು. ನಮ್ಮ ಕೈಯಿಂದ ಹುಲಿಗೆ ಸಿಗುತ್ತಿದ್ದುದು ಹತ್ತು ಪೈಸೆ. ತಂದೆಯವರ ಕೈಯಿಂದ ಒಂದು ರೂಪಾಯಿ.

ಘಟ್ಟದ ಮೇಲೆಯೂ ಇಂಥವು ಕಡಿಮೆಯಿರಲಿಲ್ಲ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹಚ್ಚಿದ ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಒಯ್ದು ಹಾಡುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಣಿಕೆ ನೀಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆ ಮನೆಗೆ ಹಾಡುತ್ತಾ ಬರುತ್ತಾರೆ. ಅಲ್ಲಿಯೇ ಹೋಳಿ ಹುಣ್ಣಿಮೆಗೆ ಹುಡುಗರು ಕಾಮದಹನಕ್ಕೆಂದು ಕಟ್ಟಿಗೆ, ಕುಳ್ಳು ಕೇಳುವರು. ಕೊಡದಿದ್ದರೆ ಹಿತ್ತಲಿನಿಂದ ಕದಿಯುವರು. ಕೊಡುವಿರೋ ಕೀಟಲೆ ಮಾಡಲೋ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸೋದರ ಸಂಪ್ರದಾಯ ಬೇಕೇ? ಮೈಸೂರು, ಬೆಂಗಳೂರು ಕಡೆಯ ಮಕ್ಕಳಿಗೆ ವೇಷವೇ ಬೇಕಿರಲಿಲ್ಲ. ಚೌತಿಯ ಸಂಜೆ ಕೈಯಲ್ಲಿ ಅಕ್ಷತೆ ಹಿಡಿದು ಇಪ್ಪತ್ತೊಂದು ಗಣಪತಿಗಳನ್ನು ನೋಡಲು ಹೊರಡುತ್ತಿದ್ದರು. ದಸರೆಯ ಸಂಜೆ ಗೊಂಬೆ ಕೂರಿಸಿದ್ದೀರಾ ಎಂದು ಕಂಡ ಕಂಡ ಮನೆಯಲ್ಲಿ ಕೇಳಿ, ಗೊಂಬೆ ಬಾಗಿನವೆಂದು ಉಸಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಪಡೆಯುತ್ತಿದ್ದರು. ಯಾರ ಮನೆಯೆಂಬ ಪರಿಚಯ ಇರಲೇಬೇಕೆಂದಿರಲಿಲ್ಲ. ಬಾಗಿಲು ತೆರೆದಿದ್ದರೆ ಸಾಕಿತ್ತು.

ಹೋದದ್ದೇ ಒಳಿತಾದದ್ದು

ಬಾಲ್ಯದ ನೆನಪಿಗೆ ಬಣ್ಣ ಕಟ್ಟುವಾಗ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಂಗಳದಲ್ಲಿ ನಿಂತು ನೋಡಿದವರಿಗೆ ಅದು ಹಬ್ಬ. ಅಂಗಳಕ್ಕೆ ಬಂದವರಿಗೆ ಅದು ಹೊಟ್ಟೆಪಾಡು, ಜಾತಿ ಹೊರಿಸಿದ ಹೊರೆ. ಆಟಿ ಕಳಂಜನ ವೇಷ ಕಟ್ಟುವುದು ನಲಿಕೆ ಸಮುದಾಯದ ಪಾಲಿನ ಕೆಲಸವಾಗಿತ್ತು. ಆ ಮನೆತನದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಆಟಿ ತಿಂಗಳಲ್ಲಿ ಅವನ ಸ್ಥಳ ಎಷ್ಟೋ ದಿನ ಖಾಲಿ ಇರುತ್ತಿತ್ತು. ತಂದೆಯ ಹಿಂದೆ ಅಕ್ಕಿಯ ಜೋಳಿಗೆ ಹೊತ್ತು ಮಳೆಯಲ್ಲಿ ನಡೆಯಬೇಕಿತ್ತು. ನಮ್ಮ ಅಂಗಳಕ್ಕೆ ಬಂದ ದಿನ ಅವನು ನಮ್ಮತ್ತ ಕಣ್ಣೆತ್ತಿ ನೋಡಲಿಲ್ಲ. ಎಸ್ಸೆಸ್ಸೆಲ್ಸಿಯ ಬಳಿಕ ಅವನು ಊರು ಬಿಟ್ಟು ಕೆಲಸ ಹಿಡಿದ. ಅವನ ಮಕ್ಕಳು ಓದಿ ಉದ್ಯೋಗದಲ್ಲಿದ್ದಾರೆ. ಆ ಮನೆಯಿಂದ ಈಗ ಕಳಂಜ ಹೊರಡುವುದಿಲ್ಲ. ಸಂಪ್ರದಾಯ ನಶಿಸಿತೆಂದು ನಾವು ನಿಟ್ಟುಸಿರು ಬಿಡುವ ಮೊದಲು, ಅದರ ಬೆಲೆಯನ್ನು ತೆತ್ತವರು ಯಾರೆಂದು ಕೇಳಿಕೊಳ್ಳುವುದು ನ್ಯಾಯ.

ವೇಷಗಳ ಮಾತೂ ಹಾಗೆಯೇ. ಹಿಂದೆ ಅಷ್ಟಮಿ, ನವರಾತ್ರಿಗಳಲ್ಲಿ ಮೈಗೆ ಮಸಿ ಬಳಿದುಕೊಂಡು ಕೊರಗ ಸಮುದಾಯದವರನ್ನು ಅಣಕಿಸುವ ವೇಷ ಸಾಮಾನ್ಯವಾಗಿತ್ತು. ನೋಡುವವರು ನಕ್ಕು ಕಾಸು ಕೊಡುತ್ತಿದ್ದರು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಕಾಯ್ದೆಯ ಮೂಲಕ ನಿಷೇಧಿಸಿತು. ಸಮುದಾಯದವರು ಧ್ವನಿಯೆತ್ತಿದ ಮೇಲೆ ಆ ಅಣಕದ ವೇಷಕ್ಕೂ ಹಿಂದಿನ ಚಪ್ಪಾಳೆ ಸಿಗದಂತಾಗಿದೆ. ಅಮೆರಿಕದಲ್ಲಿಯೂ ಮುಖಕ್ಕೆ ಕಪ್ಪು ಬಳಿದು ಕರಿಯರನ್ನು, ಗರಿ ಸಿಕ್ಕಿಸಿ ಮೂಲನಿವಾಸಿಗಳನ್ನು ಅಣಕಿಸುವ ಹ್ಯಾಲೋವೀನ್ ವೇಷಗಳಿಗೆ ಇಂದು ತೀವ್ರ ಆಕ್ಷೇಪವಿದೆ. ದೆವ್ವದ ವೇಷದಿಂದ ಯಾರಿಗೂ ಅವಮಾನವಿಲ್ಲ. ಬದುಕಿರುವ ಮನುಷ್ಯನನ್ನು ನಗೆಪಾಟಲು ಮಾಡುವ ವೇಷದಿಂದ ಇದೆ. ಮಕ್ಕಳಿಗೆ ಈ ವ್ಯತ್ಯಾಸವನ್ನು ತಿಳಿಸಲು ಎರಡೂ ಕಡೆಯ ಉದಾಹರಣೆಗಳು ಉಪಯುಕ್ತ.

ವೇಷ ಪರದೇಶದ್ದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಲಾಗದು ಎಂಬುದಕ್ಕೆ ಉಡುಪಿ ಬಳಿಯ ಕಟಪಾಡಿಯಲ್ಲೇ ನಿದರ್ಶನವಿದೆ. ಕಟ್ಟಡ ಕಾರ್ಮಿಕರಾಗಿ ದುಡಿಯುವ ರವಿ ಕಟಪಾಡಿಯವರು ಅಷ್ಟಮಿಯಂದು ಹಾಲಿವುಡ್ ಚಿತ್ರಗಳ ವಿಚಿತ್ರ ಜೀವಿಗಳ, ರಾಕ್ಷಸರ ವೇಷ ಧರಿಸಿ ಊರು ಸುತ್ತುತ್ತಾ ಬಂದಿದ್ದಾರೆ. ಸಂಗ್ರಹವಾದ ಲಕ್ಷಾಂತರ ರೂಪಾಯಿಯನ್ನು ಬಡ ಮಕ್ಕಳ ಚಿಕಿತ್ಸೆಗೆ ಒಪ್ಪಿಸಿದ್ದಾರೆ. ಅಮೆರಿಕದ ರಾಕ್ಷಸ ಕೃಷ್ಣನ ಹಬ್ಬದಲ್ಲಿ ಉಡುಪಿಯ ಮಗುವಿನ ಔಷಧಿಗೆ ಹಣ ತರುತ್ತಾನೆ. ಅದನ್ನು ಸಂಸ್ಕೃತಿಗೆ ಅಪಚಾರವೆಂದು ಯಾರೂ ಹೇಳಲಾರರು.

ಬಾಗಿಲು ಮುಚ್ಚಿದ ಬಗೆ

ಹಾಗಾದರೆ ನಿಜವಾಗಿ ಬದಲಾದದ್ದು ಯಾವುದು? ನಮ್ಮ ದೃಷ್ಟಿಯಲ್ಲಿ ಮೂರು ಸಂಗತಿಗಳು.

ಮೊದಲನೆಯದು, ಅಂಗಳದ ಸ್ಥಾನದಲ್ಲಿ ವೇದಿಕೆ ಬಂದಿದೆ. ಮುಂಬಯಿಯ ನಮ್ಮ ಸಂಘಗಳು ಪ್ರತಿವರ್ಷ ‘ಆಟಿಡೊಂಜಿ ದಿನ’ ಆಚರಿಸುತ್ತವೆ. ಪತ್ರೊಡೆ, ತಜಂಕ್‌ನ ಪಲ್ಯ ಉಣ್ಣಲು ಸಭಾಗೃಹ ತುಂಬುತ್ತದೆ. ಅಲ್ಲಿ ಕಳಂಜ ಧ್ವನಿವರ್ಧಕದ ತೆಂಬರೆಗೆ ಕುಣಿದು, ಅಕ್ಕಿಗೆ ಬದಲಾಗಿ ಶಾಲು, ಸ್ಮರಣಿಕೆ ಪಡೆಯುತ್ತಾನೆ. ಮಂಗಳೂರಿನಲ್ಲಿ ಹುಲಿವೇಷಕ್ಕೆ ಬಹುಮಾನದ ಸ್ಪರ್ಧೆಗಳಿವೆ. ಇವು ಬೇಕು, ಇವಿಲ್ಲದಿದ್ದರೆ ನಮ್ಮ ಮಕ್ಕಳಿಗೆ ಕಳಂಜನ ಹೆಸರೂ ತಿಳಿಯದು. ಜಾತಿಯ ಹೊರೆಯಿಲ್ಲದೆ ಯಾರು ಬೇಕಾದರೂ ಈ ವೇಷ ಕಟ್ಟಬಹುದೆಂಬುದು ಒಳ್ಳೆಯ ಬದಲಾವಣೆಯೇ. ಆದರೆ ವೇದಿಕೆಯ ಮೇಲಿರುವವನನ್ನು ನೋಡಿ ಚಪ್ಪಾಳೆ ತಟ್ಟಿದರೆ ನಮ್ಮ ಪಾತ್ರ ಮುಗಿಯಿತು. ಅಂಗಳಕ್ಕೆ ಬಂದವನಿಗೆ ನಾವೇ ಎದ್ದು ಹೋಗಿ ಕೊಡಬೇಕಿತ್ತು.

ಎರಡನೆಯದು, ಕೊಡುವ ವಸ್ತುವಿನ ಬದಲಾವಣೆ. ಬ್ಯಾಂಕಿನಲ್ಲಿ ಮೂರು ದಶಕ ದುಡಿದ ನಮಗೆ ಇದು ಎದ್ದು ಕಾಣುತ್ತದೆ. ಮೊದಲು ಧಾನ್ಯ, ಆಮೇಲೆ ನಾಣ್ಯ, ಆಮೇಲೆ ನೋಟು, ಈಗ ಮೊಬೈಲಿನ ಪಾವತಿ. 2021ರ ನವೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಅಲಂಕರಿಸಿದ ಬಸವನ ಹಣೆಗೆ ಕ್ಯೂಆರ್ ಕೋಡ್ ಕಟ್ಟಿ ಕಾಣಿಕೆ ಪಡೆಯುವ ತೆಲುಗು ನಾಡಿನ ದೃಶ್ಯವೊಂದನ್ನು ಹಂಚಿಕೊಂಡದ್ದು ಓದುಗರಿಗೆ ನೆನಪಿರಬಹುದು. ಚಿಲ್ಲರೆ ಇಲ್ಲವೆಂಬ ನೆಪ ಅಲ್ಲಿಗೆ ಮುಗಿಯಿತು. ಕೋಲೆ ಬಸವನವರಂತಹ ಅಲೆಮಾರಿ ಕಲಾವಿದರಿಗೆ ಅದರಿಂದ ಅನುಕೂಲವೇ. ಅತ್ತ ಹ್ಯಾಲೋವೀನಿನಲ್ಲಿ ಕೈಯಡುಗೆ ಹೋಗಿ ಪೊಟ್ಟಣ ಬಂದಂತೆ, ಇತ್ತ ದಸರೆಯ ಗೊಂಬೆ ನೋಡಲು ಬಂದ ಮಕ್ಕಳಿಗೂ ಉಸಲಿಗೆ ಬದಲಾಗಿ ಬಿಸ್ಕತ್ತಿನ ಪೊಟ್ಟಣ ಕೊಡುವ ಮನೆಗಳು ಹೆಚ್ಚುತ್ತಿವೆ. ಯಾರ ಮನೆಯ ಕಡಲೆ ಉಸಲಿಗೆ ಮಾವಿನಕಾಯಿ ತುರಿ ಬೀಳುತ್ತದೆ, ಯಾರ ಮನೆಯದಕ್ಕೆ ಇಂಗು ಹೆಚ್ಚು ಎಂದು ನಾಲಿಗೆಯಿಂದಲೇ ಮನೆ ಗುರುತಿಸುವ ವಿದ್ಯೆ ಪೊಟ್ಟಣದಿಂದ ಬರುವುದಿಲ್ಲ.

ಮೂರನೆಯದೇ ಮುಖ್ಯ: ಕರೆಯದೆ ಬರುವ ಹಕ್ಕು ಹೋಗಿದೆ. ಹಳೆಯ ಚಾಳುಗಳಲ್ಲಿ, ಹೋಟೆಲ್ ಕಾರ್ಮಿಕರ ಕೋಣೆಗಳಲ್ಲಿ ಹಗಲು ಬಾಗಿಲು ಮುಚ್ಚುವ ರೂಢಿಯೇ ಇರಲಿಲ್ಲ. ಈಗ ಗೇಟಿನಲ್ಲಿ ಕಾವಲುಗಾರ, ಅಲ್ಲಿಂದ ಇಂಟರ್‌ಕಾಮ್ ಕರೆ, ಮೊಬೈಲಿನಲ್ಲಿ ಒಪ್ಪಿಗೆ, ಬಾಗಿಲಿಗೆ ಕ್ಯಾಮೆರಾ. ಮಹಾನಗರದ ಜೀವನದಲ್ಲಿ ಇದು ಅನಿವಾರ್ಯ. 2020ರ ಕೊರೊನಾ ಕಾಲ ಈ ಅಭ್ಯಾಸವನ್ನು ಇನ್ನಷ್ಟು ಗಟ್ಟಿಗೊಳಿಸಿತು. ಪರಿಣಾಮವಾಗಿ ನಮ್ಮ ವಸತಿ ಸಂಕೀರ್ಣಗಳ ಹ್ಯಾಲೋವೀನ್ ಹೀಗೆ ನಡೆಯುತ್ತದೆ: ವಾರ ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಾಲಕರು ಒಂದು ಪಟ್ಟಿ ಮಾಡುತ್ತಾರೆ. ಯಾವ ಯಾವ ಮನೆಯವರು ಚಾಕೊಲೇಟು ಕೊಡಲು ಸಿದ್ಧರೋ ಅವರು ಹೆಸರು ಬರೆಸುತ್ತಾರೆ. ಆರರಿಂದ ಎಂಟು ಗಂಟೆಯೊಳಗೆ ಮಕ್ಕಳು ಆ ಮನೆಗಳಿಗೆ ಮಾತ್ರ ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮರಳುತ್ತಾರೆ. ಕೊಡದಿದ್ದರೆ ಕೀಟಲೆ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಕೊಡದವರ ಮನೆಗೆ ಹೋಗುವುದೇ ಇಲ್ಲವಲ್ಲ.

ಪಟ್ಟಿಯಲ್ಲಿ ಇಲ್ಲದ ಮನೆ

ನಾವು ವಾಸಿಸುವ ಕಟ್ಟಡದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಣ್ಣ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ನೆಲಮಹಡಿಯಲ್ಲಿ ಧಾರವಾಡ ಕಡೆಯ ಹಿರಿಯ ಮಹಿಳೆಯೊಬ್ಬರು ಒಬ್ಬರೇ ಇದ್ದಾರೆ. ಪತಿ ತೀರಿಕೊಂಡು ಬಹುಕಾಲವಾಯಿತು; ಮಗ, ಸೊಸೆ, ಮೊಮ್ಮಕ್ಕಳು ಅಮೆರಿಕದಲ್ಲಿ. ಅಲ್ಲಿನ ಮೊಮ್ಮಕ್ಕಳು ದಸರೆಗೆ ಗೊಂಬೆಯ ಮುಂದೆ ಕುಳಿತ ಚಿತ್ರವೂ, ಕೆಲವು ವಾರಗಳ ಬಳಿಕ ಹ್ಯಾಲೋವೀನ್ ವೇಷ ತೊಟ್ಟ ಚಿತ್ರವೂ ಅವರಿಗೆ ತಪ್ಪದೆ ಬರುತ್ತದೆ. ಹಾಗಾಗಿ ಈ ಹಬ್ಬದ ವಿಷಯ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ವರ್ಷ ಅವರು ಚಾಕೊಲೇಟು ತರಿಸಿ, ಜೊತೆಗೆ ತಾವೇ ಶೇಂಗಾ ಉಂಡೆ ಕಟ್ಟಿ, ಸಂಜೆ ಬಾಗಿಲು ತೆರೆದಿಟ್ಟು ಕುಳಿತಿದ್ದರು. ಮಕ್ಕಳ ಗುಂಪು ಎರಡು ಬಾರಿ ಅವರ ಬಾಗಿಲಿನ ಮುಂದೆಯೇ ಲಿಫ್ಟಿಗೆ ಹೋಯಿತು. ಒಳಗೆ ಯಾರೂ ಬರಲಿಲ್ಲ. ಅವರು ಆ ವಾಟ್ಸ್‌ಆ್ಯಪ್ ಗುಂಪಿನಲ್ಲಿರಲಿಲ್ಲ. ಪಟ್ಟಿಯಲ್ಲಿ ಅವರ ಮನೆ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಮನೆಯ ಗಂಟೆ ಒತ್ತಬಾರದೆಂದು ಮಕ್ಕಳಿಗೆ ಹೇಳಿ ಕಳಿಸಲಾಗಿತ್ತು.

ಮರುದಿನ ಹಾಲಿನ ಪೊಟ್ಟಣ ತೆಗೆದುಕೊಳ್ಳುವ ಹೊತ್ತಿಗೆ ಅವರು ನಮ್ಮನ್ನು ತಡೆದು ಕೇಳಿದರು, “ಯಾಕ್ರೀ, ನಮ್ಮ ಮನೀಗೆ ಹುಡುಗ್ರು ಬರಲೇ ಇಲ್ಲಲ್ಲ? ಶೇಂಗಾ ಉಂಡಿ ಅವರಿಗೆ ಸೇರೂದಿಲ್ಲೇನು?” ಅವರ ಮಾತಿನಲ್ಲಿ ದೂರು ಇರಲಿಲ್ಲ, ನಿಜವಾದ ಸಂದೇಹವಿತ್ತು.

ಹ್ಯಾಲೋವೀನ್ ನಮ್ಮದೋ ಪರರದೋ ಎಂದು ಸಂಕೀರ್ಣದ ಸಭೆಯಲ್ಲಿ ಅದಕ್ಕೆ ಮೊದಲು ಒಂದು ಗಂಟೆ ವಾದ ನಡೆದಿತ್ತು. ಈ ತಾಯಿಯ ಮನೆಯ ಪ್ರಶ್ನೆ ಆ ವಾದದಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಹಳೆಯ ಸಂಚಾರಗಳಲ್ಲಿ ಹೀಗಾಗುವುದು ಸಾಧ್ಯವಿರಲಿಲ್ಲ. ಕಳಂಜ ಒಂದು ಮನೆಯನ್ನು ಬಿಟ್ಟು ಮುಂದೆ ಹೋದನೆಂದರೆ ಆ ಮನೆಗೆ ಅದು ದುಃಖದ ಸಂಗತಿ. ಅಂಟಿಗೆ ಪಂಟಿಗೆಯ ದೀಪ ಬಡವನ ಗುಡಿಸಲಿಗೂ ಹೋಗಲೇಬೇಕು. ಬಂದವನಿಗೆ ಕೊಡುವುದು ಮನೆಯವರ ಕರ್ತವ್ಯವಾಗಿದ್ದಂತೆ, ಎಲ್ಲ ಮನೆಗೂ ಹೋಗುವುದು ಬರುವವನ ಕರ್ತವ್ಯವಾಗಿತ್ತು. ಜಾತಿಯ ಕಟ್ಟುಪಾಡು ಕಳಚಿದ್ದು ಒಳಿತಾಯಿತು. ಯಾವ ಮನೆಯನ್ನೂ ಬಿಡಬಾರದೆಂಬ ನಿಯಮ ಅದರ ಜೊತೆಗೇ ಹೋಗಬೇಕಾಗಿರಲಿಲ್ಲ.

ಮುಂದಿನ ವರ್ಷ ನಮ್ಮಲ್ಲಿ ಪಟ್ಟಿಯ ಕ್ರಮ ಬದಲಾಯಿತು. ಬರಬೇಡಿ ಎನ್ನುವವರು ಮಾತ್ರ ಕೆಳಗಿನ ಸೂಚನಾ ಫಲಕದಲ್ಲಿ ಮನೆ ಸಂಖ್ಯೆ ಬರೆಯತಕ್ಕದ್ದು, ಉಳಿದ ಎಲ್ಲ ಮನೆಗಳಿಗೂ ಮಕ್ಕಳು ಹೋಗತಕ್ಕದ್ದು ಎಂದಾಯಿತು. ಫಲಕದಲ್ಲಿ ಮೂರೇ ಸಂಖ್ಯೆಗಳು ಬಿದ್ದವು: ಒಂದು ಮನೆಯಲ್ಲಿ ಕಾಯಿಲೆಯವರಿದ್ದರು, ಒಂದರಲ್ಲಿ ಹಸುಗೂಸು, ಇನ್ನೊಂದರಲ್ಲಿ ಸೂತಕ. ನೆಲಮಹಡಿಯ ಮನೆಯಲ್ಲಿ ಶೇಂಗಾ ಉಂಡೆ ಏಳೂಕಾಲು ಗಂಟೆಗೇ ಖಾಲಿಯಾಯಿತು. ಶೇಂಗಾ ಒಗ್ಗದ ಮಕ್ಕಳ ಹೆಸರನ್ನು ತಾಯಂದಿರು ಮೊದಲೇ ತಿಳಿಸಿದ್ದರಿಂದ ಅವರಿಗೆ ಚಾಕೊಲೇಟು ಬೇರ್ಪಡಿಸಿಟ್ಟಿದ್ದರು. ಈಗ ಮಕ್ಕಳು ದಸರೆಯಲ್ಲೂ ಅಲ್ಲಿಗೆ ಹೋಗುತ್ತಾರೆ. ಅವರ ಬಾಯಲ್ಲಿ ಆಕೆ ‘ಆಜಿ’.

ಬಾಂದ್ರಾ, ಖಾರ್, ಸಾಂತಾಕ್ರೂಜ್ ಪರಿಸರದಲ್ಲಿ ಮಕ್ಕಳನ್ನು ದೂರದೇಶಗಳಿಗೆ ಕಳಿಸಿ ಒಬ್ಬಂಟಿಯಾಗಿ ಅಥವಾ ಇಬ್ಬರೇ ಉಳಿದ ಹಿರಿಯ ಕನ್ನಡ ದಂಪತಿಗಳು ನಮ್ಮೆಲ್ಲರ ಪರಿಚಯದಲ್ಲಿದ್ದಾರೆ. ಕೊರಿಯರಿನವನನ್ನು ಬಿಟ್ಟರೆ ಅವರ ಗಂಟೆ ಒತ್ತುವವರು ಕಡಿಮೆ. ಮಕ್ಕಳು ಹ್ಯಾಲೋವೀನ್ ಆಚರಿಸಲಿ, ಬಿಡಲಿ, ಅದು ಆಯಾ ಮನೆಯ ಇಷ್ಟ. ಆಚರಿಸುವುದಾದರೆ ಪಟ್ಟಿಯನ್ನು ಒಮ್ಮೆ ಹಿರಿಯರು ನೋಡಲಿ. ಯಾವ ಬಾಗಿಲು ಬಿಟ್ಟುಹೋಗಿದೆಯೆಂದು ಕೇಳಲಿ. ಆಚರಿಸದ ಮನೆಯವರು ದಸರೆಯ ಒಂದು ಸಂಜೆಯನ್ನೋ, ಚೌತಿಯ ಸಂಜೆಯನ್ನೋ, ಎಳ್ಳು ಬೀರುವ ಸಂಕ್ರಾಂತಿಯನ್ನೋ ಆರಿಸಿಕೊಂಡು ಮಕ್ಕಳನ್ನು ನೆರೆಯ ಎಲ್ಲ ಮನೆಗಳಿಗೂ ಕಳಿಸಲಿ. ನವೆಂಬರ್ 1ರಂದು ನಮ್ಮ ಸಂಘಗಳಲ್ಲಿ ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಹೊರಡುವ ಮಕ್ಕಳು, ದಾರಿಯಲ್ಲಿ ಅಂತಹ ಒಂದೆರಡು ಮನೆಗಳ ಮೆಟ್ಟಿಲು ಹತ್ತಿ ಹಿರಿಯರಿಗೆ ನಮಸ್ಕರಿಸಿ ಬರಲು ಹತ್ತು ನಿಮಿಷವೂ ಬೇಡ. ಹೋಗುವ ಮೊದಲು ಫೋನು ಮಾಡದಿದ್ದರೂ ಅವರು ಬೇಸರಿಸಲಾರರು.